ಎನ್100 ಕೊಳ್ಳಬೇಕೋ, ರೈಜನ್ 3 7320ಯು ಕೊಳ್ಳಬೇಕೋ: ಕಡಿಮೆ ವ್ಯಾಟಿನ ಎರಡು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳನ್ನು ತೂಗಿ ನೋಡುವ ಬಗೆ

ಓದು, ಬರಹ, ಬ್ರೌಸರ್, ವಿಡಿಯೋ ಕರೆ, ಒಂದಿಷ್ಟು ಲೆಕ್ಕದ ಹಾಳೆ. ಇಷ್ಟಕ್ಕೆ ಸಾಲುವ ಲ್ಯಾಪ್‌ಟಾಪ್ ಹುಡುಕುತ್ತ ಹೋದವರು ಹೆಚ್ಚಾಗಿ ಬಂದು ನಿಲ್ಲುವುದು ಎರಡು ಹೆಸರುಗಳ ಮುಂದೆ: ಇಂಟೆಲ್‌ನ ಎನ್100 ಮತ್ತು ಎಎಂಡಿಯ ರೈಜನ್ 3 7320ಯು. ಎರಡರಲ್ಲೂ ನಾಲ್ಕೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ. ಎರಡೂ ವಿಂಡೋಸ್ 11 ನಡೆಸುತ್ತವೆ. ಆದರೆ ಒಂದರ ವಿವರಪಟ್ಟಿಯಲ್ಲಿ 6 ವ್ಯಾಟ್ ಅಂತಿದ್ದರೆ ಇನ್ನೊಂದರಲ್ಲಿ 15 ವ್ಯಾಟ್; ಒಂದಕ್ಕೆ ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), ಇನ್ನೊಂದಕ್ಕೆ ಎಂಟು. ಯಾವುದು ಹೆಚ್ಚು ಬಲಶಾಲಿ ಎಂದರೆ ಉತ್ತರ ಸುಲಭ: ಎಲ್ಲ ಕೋರ್‌ಗಳೂ ಸೇರಿ ದುಡಿಯುವ ಕೆಲಸದಲ್ಲಿ 7320ಯು ಮುಂದೆ. ಯಾವುದನ್ನು ಕೊಳ್ಳಬೇಕು ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಈ ದರ್ಜೆಯ ಯಂತ್ರಗಳಲ್ಲಿ ಪ್ರೊಸೆಸರ್‌ಗಿಂತ ಮೊದಲು ಕೈಕೊಡುವುದು ರ್‍ಯಾಮ್ ಮತ್ತು ಸ್ಟೋರೇಜ್. ಹಾಗಾಗಿ ಚಿಪ್ಪಿನ ಹೆಸರನ್ನಷ್ಟೇ ನೋಡಿ ಆರಿಸಿದವರಿಗೆ ಒಂದೆರಡು ವರ್ಷದಲ್ಲೇ ಬೇಸರವಾಗುತ್ತದೆ.

ಯಾವುದರಿಂದ ಅಳೆಯಬೇಕು

ಐದು ಸಂಗತಿ ನೋಡಿದರೆ ಸಾಕು. ಒಂದು, ಒಂಟಿ ಕೋರ್‌ನ ವೇಗ. ಒಂದು ಪುಟ ತೆರೆಯುವುದು, ಒಂದು ಮೆನು ಬಿಚ್ಚಿಕೊಳ್ಳುವುದು ಇದನ್ನೇ ಅವಲಂಬಿಸಿದೆ. ಎರಡು, ಎಲ್ಲ ಕೋರ್‌ಗಳೂ ಒಟ್ಟಿಗೆ ಹತ್ತು ನಿಮಿಷ ದುಡಿದರೆ ಎಷ್ಟು ಬಲ ಉಳಿಯುತ್ತದೆ ಎಂಬುದು. ಮೊದಲ ಅರ್ಧ ನಿಮಿಷದ ಅಂಕಿಗೆ ಬೆಲೆಯಿಲ್ಲ. ಮೂರು, ರ್‍ಯಾಮ್ ಎಷ್ಟಿದೆ, ಮುಂದೆ ಹೆಚ್ಚಿಸಬಹುದೇ. ನಾಲ್ಕು, ಬ್ಯಾಟರಿ, ಬಿಸಿ ಮತ್ತು ಫ್ಯಾನ್ ಸದ್ದು. ಐದು, ವಿಡಿಯೋ ಮತ್ತು ಗ್ರಾಫಿಕ್ಸ್. ನಿಮ್ಮ ದಿನದ ಕೆಲಸದಲ್ಲಿ ಇವುಗಳಲ್ಲಿ ಯಾವ ಎರಡು ಮುಖ್ಯ ಎಂದು ಮೊದಲೇ ಗುರುತು ಹಾಕಿಕೊಂಡು ಮುಂದೆ ಓದಿ. ಐದರಲ್ಲೂ ಗೆಲ್ಲುವ ಚಿಪ್ ಇಲ್ಲಿಲ್ಲ.

ಹೆಸರಿನೊಳಗೆ ಏನಿದೆ

ಎನ್100 ಬಂದದ್ದು 2023ರ ಆರಂಭದಲ್ಲಿ, ಆಲ್ಡರ್ ಲೇಕ್-ಎನ್ ಕುಟುಂಬದಲ್ಲಿ. ಇಂಟೆಲ್ ತನ್ನ ದೊಡ್ಡ ಪ್ರೊಸೆಸರ್‌ಗಳಲ್ಲಿ ಬಲದ ಕೋರ್ ಮತ್ತು ಮಿತವ್ಯಯದ ಕೋರ್ ಎಂದು ಎರಡು ಬಗೆ ಇಡುತ್ತದೆ. ಎನ್100ರಲ್ಲಿ ಇರುವುದು ಮಿತವ್ಯಯದ ನಾಲ್ಕು ಕೋರ್ ಮಾತ್ರ. ಅವುಗಳ ವಿನ್ಯಾಸಕ್ಕೆ ಗ್ರೇಸ್‌ಮಾಂಟ್ ಎಂದು ಹೆಸರು. ಗರಿಷ್ಠ ವೇಗ 3.4 ಗಿಗಾಹರ್ಟ್ಸ್, ಎಲ್3 ಕ್ಯಾಶೆ (ಚಿಪ್ಪಿನೊಳಗೇ ಇರುವ ವೇಗದ ಚಿಕ್ಕ ಮೆಮೊರಿ) 6 ಎಂಬಿ. ಹಿಂದೆ ಪೆಂಟಿಯಂ, ಸೆಲೆರಾನ್ ಎಂದು ಮಾರುತ್ತಿದ್ದ ಜಾಗದಲ್ಲಿ ಈಗ ಬರೀ ‘ಇಂಟೆಲ್ ಪ್ರೊಸೆಸರ್’ ಎಂದಷ್ಟೇ ಇರುತ್ತದೆ. ಹಳೆಯ ಸೆಲೆರಾನ್‌ನ ಕಹಿ ನೆನಪಿನಿಂದ ಇದನ್ನು ತಳ್ಳಿಹಾಕಬೇಡಿ. ಎರಡು ಕೋರಿನ ಸೆಲೆರಾನ್ ಎನ್4020ಗೂ ಇದಕ್ಕೂ ಹೋಲಿಕೆಯೇ ಇಲ್ಲ.

7320ಯು 2022ರ ಸೆಪ್ಟೆಂಬರ್‌ನಲ್ಲಿ ಮೆಂಡೊಸಿನೊ ಎಂಬ ಕುಟುಂಬದಲ್ಲಿ ಬಂತು. ಇಲ್ಲಿ ಹೆಸರು ದಾರಿ ತಪ್ಪಿಸುತ್ತದೆ. 7ರಿಂದ ಶುರುವಾಗುವುದರಿಂದ ಒಳಗೆ ಹೊಸ ಕೋರ್ ಇರಬೇಕು ಎಂದು ಹಲವರು ತಿಳಿಯುತ್ತಾರೆ. ಆ 7 ಸೂಚಿಸುವುದು 2023ರ ಸಾಲಿನ ಸರಕು ಎಂಬುದನ್ನು ಮಾತ್ರ. ನೋಡಬೇಕಾದದ್ದು ಮೂರನೆಯ ಅಂಕಿ, ಅದು ಎಎಂಡಿಯ ಝೆನ್ ಎಂಬ ಕೋರ್ ವಿನ್ಯಾಸದ ಪೀಳಿಗೆ ಹೇಳುತ್ತದೆ. ಅಲ್ಲಿ 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3. ಅಂದರೆ 7320ಯು ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ಕೋರ್, ಹೊಸ 6 ನ್ಯಾನೋಮೀಟರ್ ತಯಾರಿಕೆಯಲ್ಲಿ. ನಾಲ್ಕು ಕೋರ್, ಎಂಟು ಥ್ರೆಡ್, ಗರಿಷ್ಠ 4.1 ಗಿಗಾಹರ್ಟ್ಸ್, ಎಲ್3 ಕ್ಯಾಶೆ 4 ಎಂಬಿ. ಒಂದೇ ಅಂಕಿಯ ವ್ಯತ್ಯಾಸವಿರುವ 7330ಯು ಕಂಡರೆ ಗಮನಿಸಿ: ಅದು ಝೆನ್ 3, ಎಲ್3 ಕ್ಯಾಶೆ ಎರಡರಷ್ಟು. ಬೆಲೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಾದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಬಹುದು.

ಒಂಟಿ ಕೋರ್: ಹೆಚ್ಚುಕಡಿಮೆ ಸಮ

4.1 ಎಂಬುದು 3.4ಕ್ಕಿಂತ ದೊಡ್ಡದು. ಹಾಗೆಂದು ಪುಟಗಳು ಆ ಪ್ರಮಾಣದಲ್ಲಿ ಬೇಗ ತೆರೆಯುತ್ತವೆ ಎಂದುಕೊಳ್ಳಬೇಡಿ. ಒಂದು ಗಡಿಯಾರ ಬಡಿತದಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಎಂಬುದು ವಿನ್ಯಾಸಕ್ಕೆ ಬಿಟ್ಟದ್ದು. ಮೆಂಡೊಸಿನೊದಲ್ಲಿ ಕ್ಯಾಶೆ ಚಿಕ್ಕದು, ಹಾಗಾಗಿ ಕೋರ್ ಆಗಾಗ ರ್‍ಯಾಮ್ ತನಕ ಹೋಗಿ ಕಾಯಬೇಕಾಗುತ್ತದೆ. ಕೆಲವು ಅಳತೆಗಳಲ್ಲಿ ಇದು ಸ್ವಲ್ಪ ಮುಂದೆ, ಕೆಲವದರಲ್ಲಿ ಅದು ಸ್ವಲ್ಪ ಮುಂದೆ. ಬರವಣಿಗೆ, ಇಮೇಲ್, ಒಂದೊಂದೇ ಟ್ಯಾಬ್ ತೆರೆದು ಓದುವವರಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೊಟ್ಟರೂ ಯಾವುದು ಯಾವುದೆಂದು ಹೇಳುವುದು ಕಷ್ಟ.

ಎಲ್ಲ ಕೋರ್ ಸೇರಿದಾಗ

ಇಲ್ಲಿ ಅಂತರ ಕಾಣುತ್ತದೆ. ಝೆನ್ 2ರ ಪ್ರತಿ ಕೋರ್ ಎರಡು ಥ್ರೆಡ್ ಹಿಡಿದುಕೊಳ್ಳುತ್ತದೆ. ಒಂದು ಥ್ರೆಡ್ ರ್‍ಯಾಮ್‌ನಿಂದ ದತ್ತಾಂಶ ಬರಲಿ ಎಂದು ಕಾಯುವಾಗ ಇನ್ನೊಂದರ ಕೆಲಸ ನಡೆಯುತ್ತದೆ. ಎಂಟು ಥ್ರೆಡ್ ಎಂದರೆ ಎಂಟು ಕೋರಿನ ಬಲ ಅಲ್ಲ, ಆದರೆ ನಾಲ್ಕು ಕೋರಿನಿಂದ ಇನ್ನಷ್ಟು ಹಿಂಡಿ ತೆಗೆದಂತೆ. ಗ್ರೇಸ್‌ಮಾಂಟ್‌ನಲ್ಲಿ ಈ ಅನುಕೂಲ ಇಲ್ಲ: ಒಂದು ಕೋರ್, ಒಂದು ಥ್ರೆಡ್. ಫೋಟೋಗಳನ್ನು ರಾಶಿಯಾಗಿ ಪರಿವರ್ತಿಸುವುದು, ಜಿಪ್ ಮಾಡುವುದು, ಪ್ರೋಗ್ರಾಂ ಕಂಪೈಲ್ ಮಾಡುವುದು (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು), ವಿಡಿಯೋ ಕರೆಯಲ್ಲಿ ಹಿನ್ನೆಲೆ ಮಸುಕು ಮಾಡುತ್ತ ಪರದೆ ಹಂಚಿಕೊಳ್ಳುವುದು: ಇಂಥದ್ದರಲ್ಲಿ 7320ಯು ಸ್ಪಷ್ಟವಾಗಿ ಮುಂದಿರುತ್ತದೆ.

ಎಷ್ಟು ಮುಂದೆ ಎಂಬುದನ್ನು ನಿರ್ಧರಿಸುವುದು ಲ್ಯಾಪ್‌ಟಾಪ್ ತಯಾರಕರು ಇಟ್ಟ ವ್ಯಾಟ್ ಮಿತಿ. ಇದನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅಂತರ್ಜಾಲದಲ್ಲಿ ಸಿಗುವ ಅರ್ಧದಷ್ಟು ಗೊಂದಲದ ಅಂಕಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಇಂಟೆಲ್ ಚಿಪ್ಪಿಗೆ ಎರಡು ಮಿತಿಗಳಿರುತ್ತವೆ. ಪಿಎಲ್2 ಎಂಬುದು ಸ್ವಲ್ಪ ಹೊತ್ತು ಮಾತ್ರ ಬಳಸಬಹುದಾದ ಗರಿಷ್ಠ ವ್ಯಾಟ್, ಪಿಎಲ್1 ಎಂಬುದು ದೀರ್ಘಕಾಲ ನಿಲ್ಲುವ ವ್ಯಾಟ್. ಎನ್100ರ ಹೆಸರಿಗೆ 6 ವ್ಯಾಟ್ ಅಂಟಿಕೊಂಡಿದ್ದರೂ ಫ್ಯಾನ್ ಇರುವ ಯಂತ್ರದಲ್ಲಿ ತಯಾರಕರು ಪಿಎಲ್1 ಅನ್ನು 10 ಅಥವಾ 15 ವ್ಯಾಟಿಗೆ ಏರಿಸಿರಬಹುದು. ಫ್ಯಾನ್ ಇಲ್ಲದ ತೆಳು ಯಂತ್ರದಲ್ಲಿ 6ಕ್ಕೇ ಕಟ್ಟಿರಬಹುದು. ಚಿಪ್ ಅದೇ, ಸ್ಟಿಕರ್ ಅದೇ, ಆದರೆ ಎಲ್ಲ ಕೋರ್ ದುಡಿಯುವಾಗ ವೇಗ ಬೇರೆ. 6 ವ್ಯಾಟಿನೊಳಗೆ ನಾಲ್ಕು ಕೋರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಂಡು ಬದುಕಬೇಕು. ಎರಡೂ ಒಟ್ಟಿಗೆ ಕೇಳಿದರೆ ಎರಡೂ ನಿಧಾನವಾಗುತ್ತವೆ. ಹಾಗಾಗಿ 15 ವ್ಯಾಟ್ ಬಿಟ್ಟುಕೊಟ್ಟ ಎನ್100 ಯಂತ್ರ 7320ಯು ಹತ್ತಿರಕ್ಕೆ ಬರುತ್ತದೆ. 6 ವ್ಯಾಟಿಗೆ ಕಟ್ಟಿದ ಯಂತ್ರ ಬಹಳ ಹಿಂದೆ ಉಳಿಯುತ್ತದೆ.

7320ಯು ಕಥೆಯೂ ಪೂರ್ತಿ ಬೇರೆಯಲ್ಲ. ಅದರ 15 ವ್ಯಾಟ್ ಶಾಖವನ್ನು ಹೊರಹಾಕಲು ಫ್ಯಾನ್ ಬೇಕು. ಫ್ಯಾನ್ ಸಣ್ಣದಾಗಿದ್ದು ತಳದ ಗಾಳಿಕಿಂಡಿ ಹಾಸಿಗೆಯ ಮೇಲೆ ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ವೇಗ ಇಳಿಯುತ್ತದೆ.

ರ್‍ಯಾಮ್: ಹೆಚ್ಚಿನವರು ಎಡವುವ ಜಾಗ

7320ಯು ಕೆಲಸ ಮಾಡುವುದು ಎಲ್‌ಪಿಡಿಡಿಆರ್5 ರ್‍ಯಾಮ್ ಜೊತೆ ಮಾತ್ರ. ಈ ಯಂತ್ರಗಳಲ್ಲಿ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಸ್ಲಾಟ್ ಇರುವುದಿಲ್ಲ. 8 ಜಿಬಿ ಕೊಂಡರೆ ಆ ಲ್ಯಾಪ್‌ಟಾಪ್ ಇರುವಷ್ಟು ಕಾಲವೂ 8 ಜಿಬಿಯೇ. ಗರಿಷ್ಠ ಮಿತಿ 16 ಜಿಬಿ. ಇದರಿಂದ ಒಂದು ಲಾಭವೂ ಇದೆ: ಈ ರ್‍ಯಾಮ್ 5500 ವೇಗದಲ್ಲಿ ಓಡುತ್ತದೆ, ಸೆಕೆಂಡಿಗೆ ಸುಮಾರು 44 ಜಿಬಿ ದತ್ತಾಂಶ ಸಾಗಿಸಬಲ್ಲದು.

ಎನ್100 ಒಂದೇ ಚಾನೆಲ್‌ನ ಚಿಪ್, ಅಂದರೆ ಮೆಮೊರಿಗೆ ಅದರಿಂದ ಒಂದೇ ದಾರಿ. ಡಿಡಿಆರ್4-3200 ಬಗೆಯ ರ್‍ಯಾಮ್ ಹಾಕಿದರೆ ಸೆಕೆಂಡಿಗೆ 25.6 ಜಿಬಿ, ಡಿಡಿಆರ್5-4800 ಹಾಕಿದರೆ 38.4 ಜಿಬಿ. ಅಂದರೆ ಡಿಡಿಆರ್4 ಇರುವ ಎನ್100 ಯಂತ್ರಕ್ಕೂ ಡಿಡಿಆರ್5 ಇರುವುದಕ್ಕೂ ಅರ್ಧಪಾಲು ಅಂತರ. ಗ್ರಾಫಿಕ್ಸ್ ಕೆಲಸದಲ್ಲಿ ಇದು ಕಾಣುತ್ತದೆ. ಆದರೆ ಎನ್100ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ರ್‍ಯಾಮ್ ಸ್ಲಾಟ್ ಸಿಗುತ್ತದೆ. ಇಂಟೆಲ್ ಅಧಿಕೃತವಾಗಿ ಹೇಳುವ ಮಿತಿ ಇಲ್ಲೂ 16 ಜಿಬಿ. ಇವತ್ತು 8 ಜಿಬಿಯದನ್ನು ಕೊಂಡು ಎರಡು ವರ್ಷ ಬಿಟ್ಟು 16 ಹಾಕಿಕೊಳ್ಳುವ ದಾರಿ ತೆರೆದಿರುತ್ತದೆ. ಎನ್100 ಎಂದ ಕೂಡಲೇ ಸ್ಲಾಟ್ ಇದೆ ಎಂದು ಮಾತ್ರ ನಂಬಬೇಡಿ, ಬೆಸುಗೆ ಹಾಕಿದ ಮಾದರಿಗಳೂ ಬೇಕಾದಷ್ಟಿವೆ.

8 ಜಿಬಿ ಎಲ್ಲಿ ಕರಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಳಗಿನ ಗ್ರಾಫಿಕ್ಸ್‌ಗೆಂದು ಅರ್ಧ ಜಿಬಿ ಮೊದಲೇ ತೆಗೆದಿಟ್ಟಿದ್ದರೆ ಉಳಿದದ್ದು 7.5. ವಿಂಡೋಸ್ 11 ಎದ್ದು ನಿಲ್ಲುವಷ್ಟರಲ್ಲಿ ಮೂರರಿಂದ ಮೂರೂವರೆ ಹೋಯಿತು. ಬ್ರೌಸರ್‌ನಲ್ಲಿ ಹದಿನೈದು ಟ್ಯಾಬ್ ಎಂದರೆ ಇನ್ನೊಂದು ಎರಡೂವರೆ. ವಿಡಿಯೋ ಕರೆಯ ಆ್ಯಪ್‌ಗೆ ಒಂದು. ಇನ್ನು ಒಂದು ದೊಡ್ಡ ಪಿಡಿಎಫ್ ತೆರೆದರೆ ಜಾಗ ಮುಗಿಯಿತು. ಆಮೇಲೆ ವಿಂಡೋಸ್ ರ್‍ಯಾಮ್‌ನಲ್ಲಿದ್ದದ್ದನ್ನು ಸ್ಟೋರೇಜ್‌ಗೆ ಬರೆದು ಮತ್ತೆ ಓದಲು ಶುರುಮಾಡುತ್ತದೆ. ಟ್ಯಾಬ್ ಬದಲಿಸಿದಾಗ ಬಿಳಿ ಪುಟ ಒಂದೆರಡು ಸೆಕೆಂಡ್ ನಿಂತು ಆಮೇಲೆ ಅಕ್ಷರ ಮೂಡುತ್ತದಲ್ಲ, ಆಗ ಪ್ರೊಸೆಸರ್ ಬೈಸಿಕೊಳ್ಳುತ್ತದೆ, ತಪ್ಪು ಅದರದ್ದಲ್ಲ. ಎಂಟು ಥ್ರೆಡ್ ಇದ್ದರೂ ಈ ಕಾಯುವಿಕೆ ತಪ್ಪುವುದಿಲ್ಲ.

ಆದ್ದರಿಂದ ಖಚಿತವಾಗಿ ಹೇಳಬಹುದಾದ ಮಾತು: 8 ಜಿಬಿ ಬೆಸುಗೆ ಹಾಕಿದ 7320ಯು ಮತ್ತು 16 ಜಿಬಿ ಇರುವ ಎನ್100 ಒಂದೇ ಬೆಲೆಗೆ ಸಿಕ್ಕರೆ, ಟ್ಯಾಬ್ ತುಂಬಿಸಿಕೊಂಡು ಕೆಲಸ ಮಾಡುವವರು ಎನ್100 ಕೊಳ್ಳಬೇಕು. ಎರಡರಲ್ಲೂ 16 ಜಿಬಿ ಇದ್ದರೆ 7320ಯು.

ಸ್ಲಾಟ್ ಇರುವ ಯಂತ್ರದಲ್ಲಿ ಮುಂದೆ ರ್‍ಯಾಮ್ ಬದಲಿಸುವುದಾದರೆ ಡಿಡಿಆರ್4 ಯಾವುದು, ಡಿಡಿಆರ್5 ಯಾವುದು ಎಂದು ಮೊದಲೇ ಖಚಿತಮಾಡಿಕೊಳ್ಳಿ. ಎರಡರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ತಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ರ್‍ಯಾಮ್ ಪಟ್ಟಿಯನ್ನು ಓರೆಯಾಗಿ ತಳ್ಳಿ, ಚಿನ್ನದ ಬಣ್ಣದ ಅಂಚು ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಿಕ್ ಎನ್ನುತ್ತವೆ. ಡಿಡಿಆರ್5 ಆದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ಹೊಸ ರ್‍ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಪವರ್ ಬಟನ್ ಒತ್ತಿಹಿಡಿದು ಆರಿಸಬೇಡಿ.

ಸ್ಟೋರೇಜ್

ಇದನ್ನು ಅಳತೆಯ ಪಟ್ಟಿಯಲ್ಲಿ ಸೇರಿಸಲಿಲ್ಲ, ಏಕೆಂದರೆ ಇಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ. ಎನ್100 ಚಿಪ್ ಇಎಂಎಂಸಿ ಎಂಬ ಅಗ್ಗದ, ನಿಧಾನದ ಸ್ಟೋರೇಜನ್ನೂ ಬೆಂಬಲಿಸುತ್ತದೆ, ಹಾಗಾಗಿ ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಅದನ್ನೇ ಹಾಕಿರುತ್ತಾರೆ. ಇಎಂಎಂಸಿ 5.1ರ ಕಾಗದದ ಮೇಲಿನ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಪಿಸಿಐಇ 3.0ರ ನಾಲ್ಕು ಲೇನ್ (ದತ್ತಾಂಶ ಸಾಗುವ ದಾರಿ) ಬಳಸುವ ಎನ್‌ವಿಎಂಇ ಎಸ್ಎಸ್‌ಡಿ 3000 ಎಂಬಿ ದಾಟುತ್ತದೆ. 8 ಜಿಬಿ ರ್‍ಯಾಮ್ ತುಂಬಿದ ಮೇಲೆ ಆ ಬರೆದು ಓದುವ ಕೆಲಸ ಇಎಂಎಂಸಿ ಮೇಲೆ ಬಿದ್ದರೆ ಯಂತ್ರಕ್ಕೆ ಉಸಿರು ಕಟ್ಟುತ್ತದೆ. ‘64 ಜಿಬಿ’, ‘128 ಜಿಬಿ ಫ್ಲ್ಯಾಶ್’ ಎಂದು ಬರೆದಿದ್ದು ಎಸ್ಎಸ್‌ಡಿ ಎಂಬ ಪದ ಕಾಣದಿದ್ದರೆ ಬಿಟ್ಟುಬಿಡಿ.

ಬ್ಯಾಟರಿ, ಬಿಸಿ, ಸದ್ದು

6 ಮತ್ತು 15 ಎಂಬ ಅಂಕಿ ನೋಡಿ ಎನ್100ರ ಬ್ಯಾಟರಿ ಎರಡೂವರೆ ಪಟ್ಟು ಬಾಳುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಹಾಗಾಗುವುದಿಲ್ಲ. ಆ ವ್ಯಾಟ್‌ಗಳು ಭಾರ ಬಿದ್ದಾಗಿನ ಮಾತು. ಓದುತ್ತ, ಬರೆಯುತ್ತ ಕೂತಾಗ ಎರಡೂ ಚಿಪ್‌ಗಳು ಬಹುಪಾಲು ಹೊತ್ತು ತೂಕಡಿಸುತ್ತಿರುತ್ತವೆ; ಆಗ ಹೆಚ್ಚು ವಿದ್ಯುತ್ ನುಂಗುವುದು ಪರದೆ. 42 ವ್ಯಾಟ್-ಅವರ್ ಬ್ಯಾಟರಿಯ ಯಂತ್ರವೊಂದು ಪರದೆ, ವೈಫೈ ಎಲ್ಲ ಸೇರಿ 6 ವ್ಯಾಟ್ ಎಳೆದರೆ 7 ಗಂಟೆ ಬರುತ್ತದೆ. ಅದೇ ಬ್ಯಾಟರಿಯಲ್ಲಿ 7.5 ವ್ಯಾಟ್ ಎಳೆಯುವ ಯಂತ್ರ 5.6 ಗಂಟೆ. ಆದರೆ ಎರಡನೆಯ ಯಂತ್ರದಲ್ಲಿ 50 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಅದೂ 6.6 ಗಂಟೆ ದಾಟುತ್ತದೆ. ಆದ್ದರಿಂದ ವಿವರಪಟ್ಟಿಯಲ್ಲಿ ವ್ಯಾಟ್-ಅವರ್ ಅಂಕಿ ಹುಡುಕಿ, ಚಿಪ್ಪಿನ ವ್ಯಾಟ್ ಅಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಉಳಿಯುವ ವಿದ್ಯುತ್ತು ಹಲವು ಸಲ ಈ ಎರಡು ಚಿಪ್‌ಗಳ ನಡುವಿನ ಅಂತರಕ್ಕಿಂತ ಹೆಚ್ಚು.

ಎನ್100 ನಿಜಕ್ಕೂ ಎತ್ತಿದ ಕೈ ಎನಿಸುವುದು ನಿಶ್ಶಬ್ದದಲ್ಲಿ. ಫ್ಯಾನ್ ಇಲ್ಲದೆಯೂ ಅದನ್ನು ಒಂದು ತೆಳು ಪೆಟ್ಟಿಗೆಯಲ್ಲಿಟ್ಟು ನಡೆಸಬಹುದು. ಧ್ವನಿಮುದ್ರಣ ಮಾಡುವವರು, ಗ್ರಂಥಾಲಯದಲ್ಲಿ ಕೂತು ಓದುವವರು, ಮಲಗಿದ ಮಗುವಿನ ಪಕ್ಕ ಕೆಲಸ ಮಾಡುವವರು ಈ ಒಂದು ಕಾರಣಕ್ಕೇ ಅದನ್ನು ಆರಿಸಿದರೆ ತಪ್ಪಿಲ್ಲ. ಫ್ಯಾನ್ ಇಲ್ಲದ ಯಂತ್ರದಲ್ಲಿ ದೂಳೂ ಒಳಸೇರುವುದು ಕಡಿಮೆ. ತೆರಬೇಕಾದ ಬೆಲೆ ಮೇಲೆ ಹೇಳಿದ್ದೇ: ದೀರ್ಘ ಕೆಲಸದಲ್ಲಿ ನಿಧಾನ.

ವಿಡಿಯೋ ಮತ್ತು ಆಟ

ವಿಡಿಯೋ ನೋಡುವುದಕ್ಕೆ ಎರಡರಲ್ಲೂ ಕೊರತೆಯಿಲ್ಲ. ಎಚ್.264, ಎಚ್ಇವಿಸಿ, ವಿಪಿ9, ಎವಿ1 ಎಂಬ ನಾಲ್ಕು ವಿಡಿಯೋ ಸಂಕೋಚನ ಬಗೆಗಳನ್ನೂ ಎರಡೂ ಚಿಪ್‌ಗಳ ಒಳಗಿನ ಪ್ರತ್ಯೇಕ ಘಟಕವೇ ಬಿಡಿಸುತ್ತದೆ, ಕೋರ್‌ಗಳಿಗೆ ಭಾರ ಬೀಳುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲದ ಎವಿ1 ಇಲ್ಲಿ ಇರುವುದು ನಿಜವಾದ ಲಾಭ. 4ಕೆ ವಿಡಿಯೋ ತಡವರಿಸಿದರೆ ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಫ್ ಆಗಿದೆಯೇ ನೋಡಿ.

ಗ್ರಾಫಿಕ್ಸ್‌ನಲ್ಲಿ 7320ಯು ಒಳಗಿನ ರೇಡಿಯಾನ್ 610ಎಂ ಹೊಸ ವಿನ್ಯಾಸದ್ದೇ, ಆದರೆ ಅದರಲ್ಲಿರುವುದು ಎರಡೇ ಕಂಪ್ಯೂಟ್ ಯುನಿಟ್. ಎನ್100ರಲ್ಲಿ 24 ಎಕ್ಸಿಕ್ಯೂಷನ್ ಯುನಿಟ್‌ಗಳಿವೆ, ವೇಗ ಮಾತ್ರ 750 ಮೆಗಾಹರ್ಟ್ಸ್. 24 ದೊಡ್ಡದು, 2 ಚಿಕ್ಕದು ಎಂದು ಹೋಲಿಸಬೇಡಿ, ಎರಡು ಕಂಪನಿಗಳ ಘಟಕಗಳ ಗಾತ್ರವೇ ಬೇರೆ. ಲೆಕ್ಕ ಹಾಕಿದರೆ 610ಎಂ ಮುಂದೆ. ಆದರೂ ಹಳೆಯ, ಹಗುರವಾದ ಆಟಗಳನ್ನು ಬಿಟ್ಟರೆ ಎರಡೂ ಆಟಕ್ಕೆ ಅಲ್ಲ. ಆಡಬೇಕು ಎಂಬ ಆಸೆ ಇದ್ದರೆ ಈ ದರ್ಜೆಯನ್ನೇ ಬಿಟ್ಟು ಮೇಲೆ ಹೋಗಿ.

ಯಾರಿಗೆ ಯಾವುದು

ಬರೀ ಓದು, ಟೈಪಿಂಗ್, ಪಾಠದ ವಿಡಿಯೋ, ಆನ್‌ಲೈನ್ ಅರ್ಜಿ ತುಂಬುವುದು ಇಷ್ಟಾದರೆ ಎನ್100, 8 ಜಿಬಿ, ಎಸ್ಎಸ್‌ಡಿ. ಹೆಚ್ಚು ಹಣ ಹಾಕುವ ಅಗತ್ಯವಿಲ್ಲ. ಅದೇ ಕೆಲಸವನ್ನು ನಾಲ್ಕೈದು ವರ್ಷ ಅದೇ ಯಂತ್ರದಲ್ಲಿ ಮಾಡಬೇಕೆಂದಿದ್ದರೆ ರ್‍ಯಾಮ್ ಸ್ಲಾಟ್ ಇರುವ ಎನ್100 ಹುಡುಕಿ.

ದಿನವಿಡೀ ವಿಡಿಯೋ ಕರೆ, ಪರದೆ ಹಂಚಿಕೆ, ಪಕ್ಕದಲ್ಲಿ ಇಪ್ಪತ್ತು ಟ್ಯಾಬ್, ದೊಡ್ಡ ಲೆಕ್ಕದ ಹಾಳೆ ಇದ್ದರೆ 7320ಯು, ಆದರೆ 16 ಜಿಬಿಯದು ಮಾತ್ರ. ಪ್ರೋಗ್ರಾಮಿಂಗ್ ಕಲಿಯುವವರಿಗೂ ಇದೇ ಮಾತು: ಪೈಥಾನ್, ವೆಬ್ ಪುಟಗಳಿಗೆ ಎರಡೂ ಸಾಕು, ಕಂಪೈಲ್ ಮಾಡುವ ಭಾಷೆಗಳಲ್ಲಿ ಎಂಟು ಥ್ರೆಡ್ ನೆರವಿಗೆ ಬರುತ್ತದೆ. ಮೊಬೈಲ್ ಆ್ಯಪ್ ಕಟ್ಟುತ್ತ ಎಮ್ಯುಲೇಟರ್ (ಪರದೆಯ ಮೇಲಿನ ಕೃತಕ ಫೋನ್) ನಡೆಸಬೇಕಾದವರು ಎರಡನ್ನೂ ಬಿಡಿ.

ಲಿನಕ್ಸ್ ಹಾಕುವವರು 6.1 ಅಥವಾ ಅದಕ್ಕಿಂತ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಇರುವ ಆವೃತ್ತಿ ತೆಗೆದುಕೊಳ್ಳಿ. ಹಳೆಯದರಲ್ಲಿ ಗ್ರಾಫಿಕ್ಸ್ ಸರಿಯಾಗಿ ಗುರುತಾಗದೆ ಪರದೆ ಎಳೆದೆಳೆದು ಚಲಿಸಬಹುದು.

ಕೈ ಸ್ವಲ್ಪ ಸಡಿಲಿಸಬಹುದಾದರೆ ಮೂರು ಹೆಸರು ನೆನಪಿಡಿ. ಕೋರ್ ಐ3-ಎನ್305ರಲ್ಲಿ ಎನ್100ರ ಬಗೆಯದೇ ಎಂಟು ಕೋರ್‌ಗಳಿವೆ. ಕೋರ್ ಐ3-1215ಯುನಲ್ಲಿ ಎರಡು ಬಲದ ಕೋರ್, ನಾಲ್ಕು ಮಿತವ್ಯಯದ ಕೋರ್. ಒಂಟಿ ಕೋರ್‌ನ ಚುರುಕು ಇಲ್ಲಿ ಚರ್ಚಿಸಿದ ಎರಡನ್ನೂ ಹಿಂದೆ ಹಾಕುತ್ತದೆ, ರ್‍ಯಾಮ್‌ಗೆ ಎರಡು ಚಾನೆಲ್ ಇದೆ. ಬಳಸಿದ ಯಂತ್ರ ಕೊಳ್ಳಲು ಹಿಂಜರಿಕೆ ಇಲ್ಲದವರಿಗೆ ರೈಜನ್ 5 5500ಯು: 7320ಯು ಬಗೆಯ ಝೆನ್ 2 ಕೋರ್‌ಗಳೇ, ಆದರೆ ಆರು ಕೋರ್, ಹನ್ನೆರಡು ಥ್ರೆಡ್. ಇನ್ನೊಂದು ದಿಕ್ಕಿನಲ್ಲಿ, ಹಣ ಉಳಿಸಲು ಅಥ್ಲಾನ್ ಸಿಲ್ವರ್ 7120ಯುಗೆ ಇಳಿಯಬೇಡಿ. ಹೆಸರಿನ ಸರಣಿ ಅದೇ, ಒಳಗಿರುವುದು ಎರಡೇ ಕೋರ್, ಎರಡೇ ಥ್ರೆಡ್.

ಕೊಂಡ ಮೊದಲ ವಾರ ಮಾಡಬೇಕಾದ ಪರೀಕ್ಷೆ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಿ. ಮೊದಲ ದಿನ ಅಪ್‌ಡೇಟ್‌ಗಳು ಇಳಿಯುತ್ತ, ಆ್ಯಂಟಿವೈರಸ್ ಎಲ್ಲ ಫೈಲ್ ಜಾಲಾಡುತ್ತ ಯಂತ್ರ ನಿಧಾನವಾಗಿರುತ್ತದೆ. ಅದು ಮುಗಿಯುವ ತನಕ ಚಾರ್ಜರ್ ಹಾಕಿ ಬಿಡಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿ ಒತ್ತಿ. ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿನಲ್ಲಿ ‘ಸೋಡಿಮ್’ ಎಂದಿದ್ದರೆ ಅದು ಸ್ಲಾಟ್‌ನಲ್ಲಿ ಕೂತ ರ್‍ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸುಗೆ ಹಾಕಿದ್ದು. ಅಲ್ಲೇ ರ್‍ಯಾಮ್‌ನ ವೇಗವೂ ಕಾಣುತ್ತದೆ.

ನಂತರ ಸಿನಿಬೆಂಚ್ ಆರ್23 ಎಂಬ ವೇಗ ಅಳೆಯುವ ಪ್ರೋಗ್ರಾಂ ಹಾಕಿ ಹತ್ತು ನಿಮಿಷದ ಮಲ್ಟಿ ಕೋರ್ ಪರೀಕ್ಷೆ ಓಡಿಸಿ. ಜೊತೆಗೆ ವ್ಯಾಟ್, ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಂನಲ್ಲಿ ಸಿಪಿಯು ಪ್ಯಾಕೇಜ್ ಪವರ್ ಎಂಬ ಸಾಲನ್ನು ನೋಡುತ್ತಿರಿ. ಮೊದಲ ನಿಮಿಷ 15ರಿಂದ 20 ವ್ಯಾಟ್ ತೋರಿಸಿ ಆಮೇಲೆ 6ಕ್ಕೆ ಬಿದ್ದು ಅಲ್ಲೇ ನಿಂತರೆ, ತಾಪವೂ ತೀರಾ ಏರದಿದ್ದರೆ, ಅದು ತಯಾರಕರು ಕಟ್ಟಿದ ಮಿತಿ. ಕೆಲವು ಯಂತ್ರಗಳಲ್ಲಿ ಬಯಾಸ್‌ನಲ್ಲೋ (ಯಂತ್ರದ ಮೂಲ ಸೆಟ್ಟಿಂಗ್) ತಯಾರಕರ ಆ್ಯಪ್‌ನಲ್ಲೋ ಪರ್ಫಾರ್ಮೆನ್ಸ್ ಮೋಡ್ ಆರಿಸಿದರೆ ಅದು ಏರುತ್ತದೆ. ವ್ಯಾಟ್ ಮೇಲೆ ಕೆಳಗೆ ಜಿಗಿಯುತ್ತ ತಾಪ 95 ಡಿಗ್ರಿ ಮುಟ್ಟುತ್ತಿದ್ದರೆ ತಣಿಸುವ ವ್ಯವಸ್ಥೆಯೇ ಸಾಲದು, ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಇದೇ ಪರೀಕ್ಷೆಯನ್ನು ಚಾರ್ಜರ್ ತೆಗೆದು ಇನ್ನೊಮ್ಮೆ ಮಾಡಿ. ಬ್ಯಾಟರಿಯಲ್ಲಿ ಅಂಕ ಅರ್ಧಕ್ಕೆ ಇಳಿದರೆ, ಮತ್ತು ನಿಮ್ಮ ಕೆಲಸ ಹೆಚ್ಚಾಗಿ ಚಾರ್ಜರ್ ಇಲ್ಲದೆಯೇ ನಡೆಯುವುದಾದರೆ, ಯಂತ್ರವನ್ನು ಹಿಂತಿರುಗಿಸಿ ಅದೇ ಚಿಪ್ಪಿನ ಬೇರೆ ಮಾದರಿ ನೋಡಿ.